ಗೋರಿಕಲ್ಲಿನ ಮೇಲಿದ್ದ ಊರು

ಎರಡು ಸಾವಿರನೇ ಇಸವಿಯ ಆಚೀಚೆ ನಾನು ಹೂಸ್ಟನ್ನಿನ ಎನರ್ಜಿ ಕಾರಿಡಾರ್‌ನ ಎಣ್ಣೆ ಕಂಪನಿಯೊಂದರಲ್ಲಿದ್ದೆ. ಪಕ್ಕದ ಟೇಬಲಿನ ಗೆಳೆಯ ಟ್ರಿನಿಡಾಡಿನವನು. ಮುಖ ಚೀನಾದ್ದು, ಚೀನೀ ಭಾಷೆಯ ಒಂದಕ್ಷರವೂ ಬಾರದು. ಚೀನಾದಿಂದ ನಿಯೋಗ ಬಂದಾಗಲೆಲ್ಲ ಮ್ಯಾನೇಜರು ಅವನನ್ನೇ ಮುಂದೆ ಕೂರಿಸುತ್ತಿದ್ದರು. ಅವನು ನಗುನಗುತ್ತ ಕಾಫಿ ಹಂಚುತ್ತಿದ್ದ. ಮಧ್ಯಾಹ್ನ ನನ್ನ ಡಬ್ಬಿಯ ಚಪಾತಿ ಮುರಿದುಕೊಂಡು, 'ನಮ್ಮಜ್ಜಿ ಮಾಡ್ತಿದ್ದ ರೋಟಿ ಇದಕ್ಕಿಂತ ಮೆತ್ತಗಿರ್ತಿತ್ತು' ಎನ್ನುತ್ತಿದ್ದ. ಭಾರತದ ಕೂಲಿಗಳು ಒಯ್ದ ರೋಟಿ ಟ್ರಿನಿಡಾಡಿನಲ್ಲಿ ಎಲ್ಲರ ಮನೆಯ ಊಟವಂತೆ.

ಅವನ ಮುತ್ತಜ್ಜ ಕಬ್ಬಿನ ತೋಟಕ್ಕೆ ಕರಾರಿನ ಕೂಲಿಯಾಗಿ ಹಡಗು ಹತ್ತಿದವನು. ಯಾವ ಊರಿನಿಂದ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳು ಹುಟ್ಟಿದ ಮೇಲೆ ಗೆಳೆಯನಿಗೆ ಅದೇ ಧ್ಯಾನವಾಯಿತು. ಚೀನೀಯರು ಗೋರಿಕಲ್ಲಿನ ಮೇಲೆ ಹುಟ್ಟೂರನ್ನೂ ಕೆತ್ತಿಸುತ್ತಿದ್ದರೆಂದು ಯಾರೋ ಹೇಳಿದರು. ಟ್ರಿನಿಡಾಡಿನಿಂದ ಮುತ್ತಜ್ಜನ ಗೋರಿಯ ಫೋಟೋ ತರಿಸಿದ. ಅದನ್ನು ಓದಿಸಲು ಇಬ್ಬರೂ ಹೂಸ್ಟನ್ನಿನ ನಿವೃತ್ತ ಚೀನೀ ಮೇಷ್ಟ್ರೊಬ್ಬರ ಮನೆಗೆ ಹೋದೆವು. ಅವರು ಸಲೀಸಾಗಿ ಚೀನೀ ಭಾಷೆಯಲ್ಲಿ ಮಾತು ತೆಗೆದರು. ಗೆಳೆಯ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದ. ಕಲ್ಲಿಗೆ ಪಾಚಿ ಹಿಡಿದಿತ್ತು. ಊರಿನ ಹೆಸರು ಸ್ಪಷ್ಟವಿತ್ತು, ತಾಲ್ಲೂಕಿನದನ್ನು ಮೇಷ್ಟ್ರು ಊಹಿಸಿ ಹೇಳಿದರು.

ಮುಂದಿನ ಬೇಸಿಗೆಯಲ್ಲಿ ಗೆಳೆಯ ಹೆಂಡತಿ ಮಗಳೊಂದಿಗೆ ಅಲ್ಲಿಗೆ ಹೋಗಿಬಂದ. ಊರವರು ಪಟಾಕಿ ಹೊಡೆದು, ಇಡೀ ಹಂದಿ ಸುಟ್ಟು ಊಟ ಹಾಕಿದ್ದರು. ಒಬ್ಬ ಮುದುಕರು ಅವನ ಕಿವಿ ಹಿಡಿದು ನೋಡಿ, ತಮ್ಮ ಮನೆತನದ್ದೇ ಎಂದು ತೀರ್ಪು ಕೊಟ್ಟಿದ್ದರು. ಹಳೆಯ ಬಾವಿಕಟ್ಟೆಯ ಮೇಲೆ ಕೂತು ಇವನು ಬಿಕ್ಕಿ ಬಿಕ್ಕಿ ಅತ್ತಿದ್ದ.

ಸುದ್ದಿ ಕೇಳಿ ಟ್ರಿನಿಡಾಡಿನ ದಾಯಾದಿಗಳಿಗೂ ಉತ್ಸಾಹ ಬಂತು. ಗೋರಿಕಲ್ಲನ್ನು ತಿಕ್ಕಿ ತೊಳೆದು ಹೊಸ ಫೋಟೋ ಕಳಿಸಿದರು. ಅದನ್ನು ನೋಡಿದ ಮೇಷ್ಟ್ರು, ತಾಲ್ಲೂಕಿನ ಹೆಸರು ತಾವು ಊಹಿಸಿದ್ದಲ್ಲ ಎಂದು ಒಪ್ಪಿಕೊಂಡರಂತೆ. ಅದೇ ಹೆಸರಿನ ಊರು ಪಕ್ಕದ ತಾಲ್ಲೂಕಿನಲ್ಲೂ ಇತ್ತು. ಮುತ್ತಜ್ಜ ಅಲ್ಲಿಯವನು.

ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ನಮ್ಮ ಮನೆಗೆ ಊಟಕ್ಕೆ ಬಂದಾಗ ಗೆಳೆಯನೇ ಇದನ್ನು ಹೇಳಿದ. ಧಾರವಾಡದವಳಾದ ನನ್ನ ಹೆಂಡತಿ ನನ್ನತ್ತ ತಿರುಗಿ, 'ಮತ್ತ ಹೋಗ್ತಾರೇನಂತ ಕೇಳ್ರಿ' ಎಂದಳು. ಕೇಳಿದೆ.

'ಹೋಗಬಹುದು. ಆದರೆ ಅಳೋದನ್ನೆಲ್ಲ ಅಲ್ಲೇ ಅತ್ತುಬಿಟ್ಟಿದ್ದೀನಿ. ಈ ಸರಿಯಾದ ಊರಿಗೆ ಹೋಗಿ ಏನು ಮಾಡಲಿ?'

'ಆ ಮುದುಕರಿಗೆ ವಿಷಯ ಹೇಳಿದೆಯಾ?'

'ಮೇಷ್ಟ್ರ ಕೈಲಿ ಫೋನ್ ಮಾಡಿಸಿ ಹೇಳಿಸಿದೆ. ಮುದುಕರು, ಕಲ್ಲು ಕೆತ್ತಿದವನೇ ತಪ್ಪು ಮಾಡಿರಬೇಕು ಅಂದರು.'

ಕೆಲವು ವರ್ಷದ ಮೇಲೆ ಆ ಮುದುಕರ ಮೊಮ್ಮಗಳು ಎಂ.ಎಸ್. ಮಾಡಲು ಆಸ್ಟಿನ್ನಿಗೆ ಬಂದಳು. ರಜೆ ಸಿಕ್ಕಾಗಲೆಲ್ಲ ಗೆಳೆಯನ ಮನೆಗೆ ಬಂದು, ಅವನ ಮಗಳಿಗೆ ಚೀನೀ ಅಕ್ಷರ ತಿದ್ದಿಸುತ್ತಿದ್ದಳು. ಸರಿಯಾದ ಊರಿನಿಂದ ಯಾರೂ ಬರಲಿಲ್ಲ. ಇಂಥವನೊಬ್ಬ ಟೆಕ್ಸಾಸಿನಲ್ಲಿ ಇದ್ದಾನೆಂದು ಅವರಿಗೆ ಗೊತ್ತೇ ಇರಲಿಲ್ಲ.