ಪಾಸ್‌ಪೋರ್ಟಿನ ಗಂಡ, ಲಗ್ನಪತ್ರಿಕೆಯ ಗಂಡ

ಲೊಡಲೊಡ, ಲೊಡಲೊಡ. ಗುಬ್ಬಿಯ ನಮ್ಮ ಮನೆಯ ಅಟ್ಟದಿಂದ ಬೆಳಗಿನ ಹೊತ್ತು ಈ ಸದ್ದು ಇಳಿದು ಬರುತ್ತಿತ್ತು. ಅಪ್ಪ ಕೊಬ್ಬರಿ ವ್ಯಾಪಾರಿ. ಅಟ್ಟದ ಮೇಲೆ ಒಣಗಲು ಬಿಟ್ಟ ತೆಂಗಿನಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ನೀರು ಇಂಗಿ ಗಿಟುಕು ಕರಟ ಬಿಟ್ಟುಕೊಂಡಿದ್ದರೆ ಲೊಡಲೊಡ ಅನ್ನುತ್ತದೆ. ಕೊಬ್ಬರಿ ಆಗಿದೆ, ಒಡೆಯಬಹುದು. ಇಲ್ಲವಾದರೆ ವಾಪಸ್ ಅಟ್ಟಕ್ಕೆ. ಮನುಷ್ಯರನ್ನೂ ಅಪ್ಪ ಹೆಚ್ಚುಕಡಿಮೆ ಹೀಗೇ ಪರೀಕ್ಷಿಸುತ್ತಿದ್ದರು. ತುಮಕೂರಿನ ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಟೀಚರಾಗಿ, ಊರಿನವರ ಲೆಕ್ಕದಲ್ಲಿ ಮದುವೆಯ ವಯಸ್ಸು ಮೀರಿ ಕೂತಿದ್ದ ನಾನು, ಹಾಲೆಂಡಿನವರೊಬ್ಬರನ್ನು ಮದುವೆಯಾಗುತ್ತೇನೆ ಅಂದಾಗ, ಅವರನ್ನೂ ಜಗಲಿಯ ಮೇಲೆ ಕೂರಿಸಿಕೊಂಡು ಒಂದು ಮಧ್ಯಾಹ್ನವಿಡೀ ಅಲ್ಲಾಡಿಸಿದರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕುಣಿಗಲ್, ಅಮೃತೂರು, ಹೆಬ್ಬೂರು ಕಡೆಯ ರೈತರಿಗೆ ಸೀಮೆಹಸು ಸಾಕುವುದನ್ನು ಹೇಳಿಕೊಡುವ ಪ್ರಾಜೆಕ್ಟೊಂದರಲ್ಲಿ ನಮ್ಮವರು ಬಂದಿದ್ದರು. ಈ ವಿಷಯದಲ್ಲಿ ಸರ್ಕಾರದ ಲಾಜಿಕ್ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅವರ ದೇಶದ ತಳಿಯ ಹಸುಗಳು ಊರೂರಿಗೆ ಬಂದಾಗ ಹಾರ ಹಾಕಿ, ಅರಿಶಿನ ಕುಂಕುಮ ಇಟ್ಟು, ಬ್ಯಾಂಕಿನವರೂ ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ನೀನು ಎಷ್ಟು ದಿನ ಇರುತ್ತೀಯಾ, ಯಾವ ಉದ್ದೇಶಕ್ಕೆ ಬಂದೆ ಅಂತ ಯಾರೂ ಹಸುವನ್ನು ಕೇಳಲಿಲ್ಲ. ಹಸುವನ್ನು ನೋಡಿಕೊಳ್ಳಲು ಬಂದವರಿಗೆ ಮಾತ್ರ ರೆಸಿಡೆನ್ಶಿಯಲ್ ಪರ್ಮಿಟ್ ಬೇಕಾಗಿತ್ತು.

ನಮ್ಮ ಕಾನ್ವೆಂಟಿನ ಸಿಸ್ಟರುಗಳು ಸಾಕಿದ್ದ ಹಸುವಿಗೆ ಕೆಚ್ಚಲು ಬಾವು ಬಂದಾಗ ಅವರನ್ನು ಕರೆಸಿದ್ದರು. ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ತಪ್ಪಿಗೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದರು. ಇದಕ್ಕಿಂತ ರೊಮ್ಯಾಂಟಿಕ್ ಭೇಟಿ ಯಾರಿಗಾದರೂ ಆಗಿದ್ದರೆ ಹೇಳಲಿ. ಅವರಿಗೂ ಕನ್ನಡ ಬರುತ್ತಿತ್ತು. ಆದರೆ ಜನ ದನಗಳಿಗೆ ಹೇಳುವುದನ್ನು ಕೇಳಿ ಕಲಿತ ಕನ್ನಡ. ಮದುವೆಯಾದ ಹೊಸದರಲ್ಲಿ ನಮ್ಮ ಸೋದರತ್ತೆಯನ್ನು ಅವರು ಅತಿ ಪ್ರೀತಿಯಿಂದ "ಇತ್ಲಾಗ್ ಬಾರೇ" ಅಂತ ಕರೆದದ್ದನ್ನು ಆಕೆ ಸಾಯುವವರೆಗೂ ಹೇಳಿಕೊಂಡು ನಕ್ಕರು.

ಅಪ್ಪನ ಷರತ್ತು ಒಂದೇ. ಭವಿಗೆ, ಅಂದರೆ ಲಿಂಗವಿಲ್ಲದವರಿಗೆ, ಮಗಳನ್ನು ಕೊಡುವುದಿಲ್ಲ. ನಮ್ಮದು ತಲೆಮಾರುಗಳಿಂದ ಮಠಕ್ಕೆ ನಡೆದುಕೊಳ್ಳುವ ಮನೆ. ನಮ್ಮವರು ಒಪ್ಪಿದರು. ಸುಮ್ಮನೆ ಒಪ್ಪಲಿಲ್ಲ, ಲಿಂಗವೆಂದರೇನು, ಅಂಗೈಯಲ್ಲೇ ಯಾಕೆ ಇಟ್ಟುಕೊಳ್ಳಬೇಕು ಅಂತ ಸ್ವಾಮಿಗಳನ್ನು ತಿಂಗಳುಗಟ್ಟಲೆ ಕೇಳಿ ಕೇಳಿ ಒಪ್ಪಿದರು. ಹೊಸ ಹೆಸರಿಟ್ಟು ದೀಕ್ಷೆ ಕೊಟ್ಟರು. ನನ್ನ ತಮ್ಮಂದಿರು ಲಿಂಗವನ್ನು ಷರ್ಟಿನ ಜೊತೆ ಗೂಟಕ್ಕೆ ನೇತುಹಾಕಿ ಮರೆತು ಹೋಗುತ್ತಿದ್ದ ಕಾಲದಲ್ಲಿ, ಹಾಲೆಂಡಿನ ಈ ಮನುಷ್ಯ ದಿನಾ ಬೆಳಗ್ಗೆ ಪೂಜೆಯಾಗದೆ ಕಾಫಿ ಮುಟ್ಟುತ್ತಿರಲಿಲ್ಲ. ಸಿಸ್ಟರುಗಳು ಮಾತ್ರ ನನ್ನ ಜೊತೆ ಕೆಲವು ದಿನ ಮಾತು ಬಿಟ್ಟರು. ಹುಟ್ಟಾ ಕ್ರಿಶ್ಚಿಯನ್ ಒಬ್ಬರನ್ನು ಕೈಯಾರೆ ಕಳೆದುಹಾಕಿದೆನಂತೆ.

ದೀಕ್ಷೆಯ ಜೊತೆಗೆ ಒಂದು ಪದ್ಧತಿ ಬರುತ್ತದೆ. ಲಿಂಗ ಕಟ್ಟಿಸಿಕೊಂಡವರ ಹಿಂದಿನ ಕುಲ, ಹಿಂದಿನ ಹೆಸರು ಎತ್ತಬಾರದು. ಎತ್ತಿದರೆ ಕಟ್ಟಿದ ಲಿಂಗವನ್ನೇ ಅಲ್ಲಗಳೆದ ಹಾಗೆ. ಅಪ್ಪ ಇದನ್ನು ಬೀದಿಗೆಲ್ಲ ಹೇಳಿಟ್ಟರು. ಲಗ್ನಪತ್ರಿಕೆಯಲ್ಲಿ ಹೊಸ ಹೆಸರೊಂದೇ ಅಚ್ಚಾಯಿತು. ಮಠದ ಪುಸ್ತಕದಲ್ಲೂ ಅದೇ. ಅದನ್ನು ನೋಡಿ ಬರೆದ ಮ್ಯಾರೇಜ್ ಸರ್ಟಿಫಿಕೇಟಿನಲ್ಲೂ ಅದೇ.

ಪ್ರಾಜೆಕ್ಟ್ ಇರುವವರೆಗೆ ಪರ್ಮಿಟ್ಟನ್ನು ಪ್ರಾಜೆಕ್ಟಿನವರೇ ಮಾಡಿಸುತ್ತಿದ್ದರು. ಅದು ಮುಗಿದು, ಜೊತೆಯವರೆಲ್ಲ ಊರಿಗೆ ಹೊರಟ ಮೇಲೆ, ಇವರು ಇಲ್ಲಿ ಉಳಿಯಲು ಇದ್ದ ಕಾರಣ ನಾನೊಬ್ಬಳೇ. ಹಾಗಂತ ಅರ್ಜಿ ಬರೆದುಕೊಂಡು ತುಮಕೂರಿನ ಒಂದು ಆಫೀಸಿಗೆ ಹೋದೆವು. ಯಾವ ಆಫೀಸು ಅಂತ ಹೇಳುವುದಿಲ್ಲ. ಅಲ್ಲಿದ್ದವರಲ್ಲಿ ಕೆಲವರು ಇನ್ನೂ ಪೆನ್ಷನ್ ತೆಗೆದುಕೊಳ್ಳುತ್ತಿದ್ದಾರೆ, ನೆಮ್ಮದಿಯಾಗಿರಲಿ. ಕ್ಲರ್ಕ್ ಒಳ್ಳೆಯ ಮನುಷ್ಯ. ಎಡಗೈಯಲ್ಲಿ ಪಾಸ್‌ಪೋರ್ಟ್, ಬಲಗೈಯಲ್ಲಿ ಮ್ಯಾರೇಜ್ ಸರ್ಟಿಫಿಕೇಟ್ ಹಿಡಿದು, ಸಂತೆಯಲ್ಲಿ ಎರಡು ಬದನೆಕಾಯಿ ತೂಗಿ ನೋಡುವವರ ಹಾಗೆ ನೋಡಿದರು.

"ನೋಡಿ ಮೇಡಂ, ಪಾಸ್‌ಪೋರ್ಟಲ್ಲಿರೋರಿಗೆ ಮದ್ವೆ ಆಗಿಲ್ಲ. ಮದ್ವೆ ಆಗಿರೋರಿಗೆ ಪಾಸ್‌ಪೋರ್ಟ್ ಇಲ್ಲ. ನಾನೇನ್ ಮಾಡ್ಲಿ?"

ಇಬ್ಬರೂ ಇವರೇ ಅಂದೆ. ಹಾಗಂತ ಎಲ್ಲಿ ಬರೆದಿದೆ ಅಂದರು. ಹಾಗಾದರೆ ಪಾಸ್‌ಪೋರ್ಟಿನ ಹೆಸರಿನಲ್ಲೇ ರಿಜಿಸ್ಟ್ರಾರ್ ಮುಂದೆ ಇನ್ನೊಂದು ಸಲ ಮದುವೆಯಾಗುತ್ತೇವೆ ಅಂದೆ. ಅವರು ನನ್ನ ಭವಿಷ್ಯದ ಬಗ್ಗೆ ನಿಜವಾದ ಕಾಳಜಿಯಿಂದ ತಲೆಯಾಡಿಸಿದರು. ಮದುವೆಯಾಗಿರುವ ಹೆಂಗಸು ಮೊದಲನೇ ಗಂಡ ಬದುಕಿರುವಾಗಲೇ ಎರಡನೆಯವರನ್ನು ಕಟ್ಟಿಕೊಂಡರೆ ಕೇಸಾಗುತ್ತದಂತೆ. ನನ್ನ ಗಂಡನ ಜೊತೆ ಓಡಿಹೋಗಿ ನನ್ನ ಗಂಡನಿಗೆ ಮೋಸ ಮಾಡುವ ಅವಕಾಶ ಹೀಗೆ ತಪ್ಪಿತು.

ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ಪಾಸ್‌ಪೋರ್ಟಿನ ಮನುಷ್ಯ ಹೆಂಡತಿಯ ಮನೆಯವರ ಜೊತೆ ಸಂಸಾರವಾಗಿ ಇದ್ದಾರೆ ಅಂತ ಪೊಲೀಸ್ ವಿಚಾರಣೆಯಲ್ಲಿ ಬಂದರೆ ಸಾಕು, ಫೈಲು ಮುಂದೆ ಹೋಗುತ್ತದೆ. ತುಮಕೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರಿಗೆ ಗೇಟಿನ ಹತ್ತಿರ ಪೊಲೀಸಿನವರು ಬರುವುದು ಇಷ್ಟವಿರಲಿಲ್ಲ. ಅದಕ್ಕೆ ಅಪ್ಪನ ಮನೆಯ ವಿಳಾಸ ಕೊಟ್ಟೆವು. ಭಾನುವಾರಗಳನ್ನು ಹೇಗೂ ಅಲ್ಲೇ ಕಳೆಯುತ್ತಿದ್ದೆವು. ಗುಬ್ಬಿಯಲ್ಲಿ ನಮ್ಮವರನ್ನು ಅರಿಯದವರು ಯಾರಿದ್ದಾರೆ ಎಂಬ ಧೈರ್ಯದಲ್ಲಿ ಅಪ್ಪನಿಗೆ ಮೊದಲೇ ಹೇಳಿಡಲೂ ಇಲ್ಲ.

ದಫೇದಾರರು ಬಂದದ್ದೂ ಒಂದು ಭಾನುವಾರವೇ. ನಾನು ಹಿತ್ತಲಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದೆ. ಅವರು ಬೀದಿಯ ಆ ತುದಿಯಿಂದಲೇ ಚೀಟಿ ನೋಡಿಕೊಂಡು, ಪಾಸ್‌ಪೋರ್ಟಿನ ಹೆಸರನ್ನು ಕಷ್ಟಪಟ್ಟು ಓದುತ್ತಾ, ಈ ಹೆಸರಿನವರು ಇದ್ದಾರಾ ಅಂತ ಕೇಳಿಕೊಂಡು ಬಂದರಂತೆ. ಹಿಟ್ಟಿನ ಮಿಲ್ಲಿನವರು ಇಲ್ಲ ಅಂದರು. ಎದುರು ಮನೆಯ ಟೈಲರ್ ಸಾಹೇಬರು, ನಮ್ಮವರ ಜುಬ್ಬಗಳನ್ನೆಲ್ಲ ಹೊಲಿದವರು, ಈ ಬೀದಿಯಲ್ಲಿ ಅಂಥವರು ಯಾರೂ ಇಲ್ಲ, ಇರುವವರೆಲ್ಲ ನಮ್ಮವರೇ ಅಂದರು. ಅಪ್ಪ ಹೇಳಿಟ್ಟಿದ್ದ ಮಾತನ್ನು ಬೀದಿಗೆ ಬೀದಿಯೇ ಇಷ್ಟು ಮರ್ಯಾದೆಯಿಂದ ಉಳಿಸಿಕೊಂಡಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಅಪ್ಪ ಜಗಲಿಯ ಮೇಲಿದ್ದರು. ಆ ಹೆಸರಿನವರು ಯಾರೂ ನಮ್ಮನೆಯಲ್ಲಿ ಇಲ್ಲ ಅಂದರು. ದಫೇದಾರರಿಗೆ ಎಲ್ಲ ಗೊತ್ತಿತ್ತು. ಅವರ ಅತ್ತೆಯ ಎಮ್ಮೆ ಕರು ಹಾಕಲಾರದೆ ಒದ್ದಾಡಿದಾಗ ತೋಳುದ್ದ ಕೈ ಹಾಕಿ ಕರು ಎಳೆದವರು ನಮ್ಮವರೇ. ಆದರೆ ಯಾರೋ ಫಾರಿನರ್‌ನನ್ನು ಹುಡುಕಿಕೊಂಡು ಮೇಲಿನಿಂದ ಕಾಗದ ಬಂದಿದೆ ಅಂದರೆ ಅದು ಒಳ್ಳೆಯದಕ್ಕಲ್ಲ ಅಂತ ಅವರ ಸರ್ವೀಸಿನ ಅನುಭವ. ಇಲ್ಲ ಅಂತ ಬರೆದುಬಿಟ್ಟರೆ ಅಳಿಯಂದಿರಿಗೆ ತಲೆನೋವು ತಪ್ಪುತ್ತದೆ ಅಂತ ಉಪಕಾರಕ್ಕೇ ಬರೆದರು. ಹೇಳಿಕೆಯ ಕೆಳಗೆ ಅಪ್ಪ ಸಹಿ ಹಾಕಿದರು. ಸಹಿ ಹಾಕಲು ಪೆನ್ನು ಕೊಟ್ಟವರು, ಆಮೇಲೆ ಒಳಗಿಂದ ಕಾಫಿ ತಂದುಕೊಟ್ಟವರು, ಹಣೆ ತುಂಬ ವಿಭೂತಿ ಹಚ್ಚಿಕೊಂಡಿದ್ದ ಆ ಇಲ್ಲದ ಮನುಷ್ಯರೇ. ಏನು ಬರೆದರು ಅಂತ ಅವರಿಗೂ ಗೊತ್ತಿರಲಿಲ್ಲ. ಯಾವುದೋ ವಸೂಲಿ ಕಾಗದ ಅಂದುಕೊಂಡರಂತೆ.

ಸ್ವಲ್ಪ ದಿನಕ್ಕೆ ನೋಟೀಸು ಬಂತು. ಸದರಿ ವಿದೇಶೀಯರು ತಿಳಿಸಿದ ವಿಳಾಸದಲ್ಲಿ ವಾಸವಿಲ್ಲ, ಸುಳ್ಳು ಮಾಹಿತಿ ಕೊಟ್ಟಿದ್ದಾರೆ, ಅರ್ಜಿ ತಿರಸ್ಕರಿಸಿದೆ, ತಿಂಗಳೊಳಗೆ ದೇಶ ಬಿಡತಕ್ಕದ್ದು. ವಾಸವಿಲ್ಲದವರ ಕೈಗೇ ಅದನ್ನು ಕೊಟ್ಟು ಸಹಿ ಮಾಡಿಸಿಕೊಂಡು ಹೋದರು.

ವಕೀಲರನ್ನು ಕಂಡೆವು. ಇಲ್ಲ ಅಂತ ಹೇಳಿಕೆ ಕೊಟ್ಟವರೇ ಬಂದು ಅಫಿಡವಿಟ್ ಕೊಡಬೇಕು ಅಂದರು. ಈ ಹೆಸರಿನವರೇ ಆ ಹೆಸರಿನವರು, ಹಾಲೆಂಡಿನಲ್ಲಿ ಹುಟ್ಟಿದವರು, ಹುಟ್ಟಿನಿಂದ ಕ್ರಿಶ್ಚಿಯನ್, ನನ್ನ ಮಗಳ ಗಂಡ, ಅಂತ. ಬೇರೆ ಯಾರು ಹೇಳಿದರೂ ನಡೆಯುವುದಿಲ್ಲ.

ಗುಬ್ಬಿಗೆ ಹೋಗಿ ಅಪ್ಪನಿಗೆ ಹೇಳಿದೆ. "ಅದೊಂದ ನನ್ ಬಾಯಲ್ಲಿ ಹೇಳಿಸ್ಬೇಡ ಮಗಾ. ಲಿಂಗ ಕಟ್ಟಿದ್ ಮೇಲೆ ಹಿಂದಿಂದು ಎತ್ತುದ್ರೆ, ಕಟ್ಟಿದ್ದೇ ಸುಳ್ಳಾಗ್ತದೆ" ಅಂದರು.

ನಾನು ಕಾನ್ವೆಂಟಿನಲ್ಲಿ ಕಲಿತ ನಾಲಿಗೆಯನ್ನು ಪೂರ್ತಿ ಬಳಸಿದೆ. ಸರಿ, ನಿಮ್ಮ ಸತ್ಯ ಗುಬ್ಬಿಯಲ್ಲಿ ಕ್ಷೇಮವಾಗಿರಲಿ, ಮಗಳು ಹಾಲೆಂಡಿನಿಂದ ಹಬ್ಬಹಬ್ಬಕ್ಕೆ ಗ್ರೀಟಿಂಗ್ ಕಾರ್ಡ್ ಕಳಿಸುತ್ತಾಳೆ, ಹಿಮದಲ್ಲಿ ನಿಂತ ಫೋಟೋ ಇಟ್ಟು, ಅಂದೆ. ನಾನು ಹೋಗುವವಳೂ ಆಗಿರಲಿಲ್ಲ, ಬಿಟ್ಟು ಇರುವವಳೂ ಆಗಿರಲಿಲ್ಲ. ಅದು ಅಪ್ಪನಿಗೂ ಗೊತ್ತಿತ್ತು.

ನಮ್ಮವರು ಮಾತ್ರ ಮಾವನವರನ್ನು ಒತ್ತಾಯ ಮಾಡಕೂಡದು ಅಂದುಬಿಟ್ಟರು. ಮಾವ ಹೇಳುವುದೇ ಸರಿ, ಹೊರಡುತ್ತೇನೆ, ಆ ಕಡೆಯಿಂದ ಹೊಸದಾಗಿ ವೀಸಾಕ್ಕೆ ಪ್ರಯತ್ನಿಸುತ್ತೇನೆ ಅಂದರು. ಎಷ್ಟು ವರ್ಷವಾಗುತ್ತದೆ ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಟ್ರಂಕು ಇಳಿಸಿ ಬಟ್ಟೆ ಜೋಡಿಸಲು ಶುರುಮಾಡಿದರು. ಹೊರಡುವ ಮುಂಚೆ ಮಾವನವರನ್ನು ಒಂದು ವಿಷಯ ಕೇಳುವುದಿದೆ ಅಂತ ಮತ್ತೆ ಗುಬ್ಬಿಗೆ ಕರೆದುಕೊಂಡು ಹೋದರು.

ಊಟವಾದ ಮೇಲೆ ಅಪ್ಪನ ಎದುರು ಚಕ್ಕಂಬಕ್ಕಲ ಹಾಕಿ ಕೂತು, ದನಗಳ ಕನ್ನಡದಲ್ಲೇ ಕೇಳಿದರು.

"ಮಾವ, ಅಲ್ಲಿ ನಾನ್ ಸತ್ರೆ ಕೂರ್ಸಿ ಮಣ್ಣು ಮಾಡೋರು ಯಾರೂ ಇಲ್ಲ. ಅಲ್ಲಿ ಮಲಗ್ಸಿ ಪೆಟ್ಟಿಗೇಲಿ ಹಾಕ್ಬುಡ್ತಾರೆ. ಹೆಂಗ್ ಕೂರ್ಸ್ಬೇಕು, ಲಿಂಗ ಯಾವ್ ಕೈಯಲ್ ಮಡುಗ್ಬೇಕು, ನೀವು ಹೇಳ್ಬುಡಿ. ನಾನು ಬರ್ಕೊಂಡು ನಮ್ಮೂರ್ ಪಾದ್ರಿಗೆ ಕೊಟ್ಟಿರ್ತೀನಿ."

ಇದು ಜಗಳವಲ್ಲ, ಒತ್ತಾಯವಲ್ಲ, ನಾಟಕವಂತೂ ಅಲ್ಲವೇ ಅಲ್ಲ. ಹಸುವಿಗೆ ಹಿಂಡಿ ಎಷ್ಟು ಕೊಡಬೇಕು ಅಂತ ಕೇಳುವ ಧಾಟಿ. ಜೇಬಿನಿಂದ ಪೆನ್ಸಿಲ್ ಕೂಡ ತೆಗೆದಿದ್ದರು. ಅಪ್ಪ ಅವರನ್ನೇ ನೋಡಿದರು. ಹೇಳಿಕೊಡಲಿಲ್ಲ. ಎದ್ದು ಅಟ್ಟ ಹತ್ತಿದರು. ಮೇಲಿಂದ ಯಾವ ಸದ್ದೂ ಬರಲಿಲ್ಲ. ನಾವು ಕೊನೆಯ ಬಸ್ಸಿಗೆ ತುಮಕೂರಿಗೆ ಬಂದೆವು.

ಮಾರನೆಯ ಬೆಳಗ್ಗೆ ನಮ್ಮವರು ಹೆಬ್ಬೂರಿಗೆ ಹೋಗಿದ್ದರು, ಯಾವುದೋ ಹಸುವಿಗೆ ಹೊಟ್ಟೆಯುಬ್ಬರ. ದೇಶ ಬಿಡಬೇಕಾದವರನ್ನೂ ಊರಿನ ಹಸುಗಳು ಬಿಡುತ್ತಿರಲಿಲ್ಲ. ಬಾಗಿಲಲ್ಲಿ ಅಪ್ಪ ನಿಂತಿದ್ದರು, ಒಗೆದ ಪಂಚೆ, ಕೋಟು, ಪೇಟ. ನಡಿ ಅಂದರು. ಕಾನ್ವೆಂಟಿಗೆ ರಜೆ ಹೇಳಿ ಕಳಿಸಿದೆ.

ಕೋರ್ಟಿನ ಆವರಣದಲ್ಲಿ ಹೊಂಗೆ ಮರದ ಕೆಳಗೆ ಟೈಪಿನವರು ಸಾಲಾಗಿ ಕೂತಿದ್ದರು. ವಕೀಲರು ಹೇಳಿದ್ದನ್ನು ಟೈಪ್ ಮಾಡಿದರು. ಇಂಗ್ಲಿಷಿನಲ್ಲಿತ್ತು. ಸಹಿ ಹಾಕಿ ಯಜಮಾನರೇ ಅಂದಾಗ ಅಪ್ಪ, ಓದಿ ಹೇಳಬೇಕು, ಕನ್ನಡದಲ್ಲಿ, ಅಂದರು. ಓದಬೇಕಾದವಳು ನಾನು. ಸಿಸ್ಟರುಗಳು ನನಗೆ ಇಂಗ್ಲಿಷ್ ಕಲಿಸುವಾಗ ಇಂಥ ಒಂದು ದಿನ ಬರುತ್ತದೆ ಅಂತ ಎಚ್ಚರಿಸಿದ್ದರೆ ಲೆಕ್ಕದಲ್ಲೇ ಗಮನ ಕೊಡುತ್ತಿದ್ದೆ. ಹಾಲೆಂಡ್ ದೇಶದವರು ಅಂದೆ. ಹೂಂ ಅಂದರು. ಹುಟ್ಟಿನಿಂದ ಕ್ರಿಶ್ಚಿಯನ್, ಮೊದಲ ಹೆಸರು ಇಂಥದ್ದು, ಅಂತ ಓದಿದೆ. ನನ್ನ ಗಂಡನ ಮೊದಲ ಹೆಸರನ್ನು ಅಪ್ಪನ ಎದುರು ನಾನು ಬಾಯಿಬಿಟ್ಟು ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಅಪ್ಪ ಪೆನ್ನು ತೆಗೆದುಕೊಂಡು, ಕನ್ನಡದಲ್ಲಿ, ಅಕ್ಷರ ಅಕ್ಷರ ಬಿಡಿಸಿ, ಸಹಿ ಹಾಕಿದರು.

ಆಫೀಸಿನಲ್ಲಿ ಕ್ಲರ್ಕಿಗೆ ಬಹಳ ಸಂತೋಷವಾಯಿತು. "ಇದನ್ನ ಮೊದ್ಲೇ ಕೊಟ್ಟಿದ್ರೆ ಮುಗ್ದೇ ಹೋಗ್ತಿತ್ತಲ್ಲ ಯಜಮಾನ್ರೆ" ಅಂದರು. ಅಪ್ಪ ಕೈಮುಗಿದರು. ನೋಟೀಸು ರದ್ದಾಗುತ್ತದೆ, ಪರ್ಮಿಟ್ ಒಂದು ವರ್ಷಕ್ಕೆ ಸಿಗುತ್ತದೆ, ಮುಂದಿನ ವರ್ಷ ಮತ್ತೆ ಬನ್ನಿ ಅಂದರು. ಆಮೇಲೆ ಎಂಬತ್ತರ ದಶಕವಿಡೀ ವರ್ಷಕ್ಕೊಮ್ಮೆ, ನನ್ನ ಗಂಡ ನನ್ನ ಗಂಡನೇ ಎಂದು ಸರ್ಕಾರ ಸೀಲು ಒತ್ತಿ ಒಪ್ಪುತ್ತಾ ಬಂತು. ಎಷ್ಟು ಜನ ಹೆಂಡತಿಯರಿಗೆ ಈ ಭಾಗ್ಯವಿದೆ.

ಅಪ್ಪನನ್ನು ಊಟಕ್ಕೆ ಮನೆಗೆ ಕರೆದೆ. ಬರಲಿಲ್ಲ. ಮಠಕ್ಕೆ ಹೋಗಿ ಸ್ವಾಮಿಗಳಿಗೆ ಹೇಳಿ ತಪ್ಪುಕಾಣಿಕೆ ಇಡುವವರೆಗೆ ಏನೂ ಮುಟ್ಟುವುದಿಲ್ಲ ಅಂದರು. ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿಯ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಕೂತರು. ಬಸ್ಸು ಹೊರಡಲು ಇನ್ನೂ ಜನ ತುಂಬಬೇಕಾಗಿತ್ತು. ನಾನು ಕೆಳಗೆ ನಿಂತೇ ಇದ್ದೆ. ಬಿಸಿಲು, ಹೋಗು, ಅಂತ ಕೈಸನ್ನೆ ಮಾಡಿದರು. ನಾನು ಹೋಗಲಿಲ್ಲ. ಆಗ ಕಿಟಕಿಯ ಕಂಬಿಗೆ ಮುಖ ತಂದು ಮೆಲ್ಲಗೆ ಹೇಳಿದರು.

"ಇವತ್ ನಾನೇನ್ ಬರ್ಸ್ದೆ ಅಂತ ಅಳಿಯಂದ್ರಿಗೆ ಹೇಳ್ಬೇಡ ಕಣವ್ವ. ಬೇಜಾರ್ ಮಾಡ್ಕೊಂಡಾರು."

ಆಯಿತು ಅಂದೆ. ಪರ್ಮಿಟ್ಟಿನ ಕಾಗದ ಕೈಗೆ ಬರುವ ಮೊದಲೇ, ಮುಂದಿನ ಭಾನುವಾರಕ್ಕೂ ಮೊದಲೇ, ಒಂದು ಸಂಜೆ ಅಂಗಳದಲ್ಲಿ ಎದೆನೋವು ಅಂದ ಅಪ್ಪ ಮತ್ತೆ ಏಳಲಿಲ್ಲ. ಗುಬ್ಬಿಯಲ್ಲಿ ಅವರನ್ನು ಕೂರಿಸಿ ಮಣ್ಣು ಮಾಡುವಾಗ ಹೆಗಲು ಕೊಟ್ಟು ಗುಂಡಿಗೆ ಇಳಿದವರು ಅವರ ಅಳಿಯ. ಹೆಂಗಸರು ದೂರದಲ್ಲಿ ನಿಂತಿದ್ದೆವು, ಮುಂದೆ ನಿಂತವರ ಬೆನ್ನಷ್ಟೇ ನನಗೆ ಕಂಡದ್ದು. ಅದನ್ನು ನಾನು ಅಪ್ಪನನ್ನು ನೋಡಿದ್ದು ಅಂತ ಲೆಕ್ಕ ಹಿಡಿಯುವುದಿಲ್ಲ. ನಾನು ಕೊನೆಯ ಸಲ ನೋಡಿದ್ದು ಆ ಬಸ್ಸಿನಲ್ಲಿ. ಡ್ರೈವರ್ ಹತ್ತಿದ, ಪಕ್ಕಕ್ಕೆ ಕೂತವರಿಗೆ ಜಾಗ ಮಾಡಿಕೊಡಲು ಅಪ್ಪ ಕೋಟು ಒತ್ತರಿಸಿಕೊಂಡು ಆ ಕಡೆ ತಿರುಗಿದರು, ಬಸ್ಸು ಹೊರಟಿತು.