ಅಮ್ಮನನ್ನು ಕೂರಿಸುವ ಜಾಗ

ಸತ್ತಮೇಲೆ ತನ್ನನ್ನು ಮಲಗಿಸಬಾರದು, ಕೂರಿಸಿಯೇ ಮಣ್ಣು ಮಾಡಬೇಕು ಎಂಬುದು ಅಮ್ಮನ ಹಟ. ಹಟವೇನು ಬಂತು, ನಮ್ಮ ಲಿಂಗಾಯತರಲ್ಲಿ ಅದೇ ಪದ್ಧತಿ: ಚಕ್ಕಳಮಕ್ಕಳ ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣು ಮುಚ್ಚುತ್ತೇವೆ. ಆದರೆ ಅಮ್ಮ ಇರುವುದು ನನ್ನ ಜೊತೆ, ಬ್ರಿಸ್ಬೇನಿನ ಫಾರೆಸ್ಟ್ ಲೇಕ್ ಬಡಾವಣೆಯಲ್ಲಿ. ಇಲ್ಲಿ ನಾನು ವಿಚಾರಿಸಿದ ಸ್ಮಶಾನಗಳಲ್ಲೆಲ್ಲ ಒಂದೇ ಉತ್ತರ: ಪೆಟ್ಟಿಗೆಯಲ್ಲಿ ಮಲಗಿಸಿ ತನ್ನಿ. ಅದನ್ನೂ ಎಷ್ಟು ನಯವಾಗಿ ಹೇಳುತ್ತಾರೆಂದರೆ ಜಗಳ ಆಡಲೂ ಆಗುವುದಿಲ್ಲ.

ಊರಿನಲ್ಲಿ ಅಪ್ಪನನ್ನು ಮಣ್ಣು ಮಾಡಿದಾಗ ರಜೆ ಸಿಗಲಿಲ್ಲವೆಂದು ಫೋನಿನಲ್ಲೇ ನೋಡಿದವನು ನಮ್ಮ ಅಣ್ಣ. ಅಮ್ಮನ ವಿಷಯ ಎತ್ತಿದಾಗ ಪರ್ತ್‌ನಿಂದ, "ಕ್ರಿಮೇಶನ್ ಮಾಡ್ಬಿಡೋಣ ಬಿಡೆ, ಈಗಿಂದ್ಲೇ ಯಾಕೆ ತಲೆ ಕೆಡಿಸ್ಕೋತೀಯ" ಅಂದ. ಅಡಿಲೇಡಿನ ತಂಗಿಯದು ಹಾವೂ ಸಾಯದ, ಕೋಲೂ ಮುರಿಯದ ಮಾತು: "ಅಣ್ಣ ಹೇಳೋದೂ ಸರಿ, ಅಮ್ಮ ಹೇಳೋದೂ ಸರಿ." ನನಗೆ ಮೈಯೆಲ್ಲ ಉರಿದುಹೋಯಿತು.

ಆ ಉರಿಯಲ್ಲೇ ಇರಬೇಕು, ಹೋದ ವರ್ಷ ರಜೆ ಹಾಕಿ, ಗಂಡನನ್ನು ಅಮ್ಮನ ಹತ್ತಿರ ಬಿಟ್ಟು ಪೆರು ದೇಶಕ್ಕೆ ಹೋದೆ. ಅಲ್ಲಿನ ಎತ್ತರದ ಬೆಟ್ಟಗಳಲ್ಲಿ ಪುರಾತನ ಕಲ್ಲಿನ ಗೋಪುರಗಳಿವೆ. ಸತ್ತವರನ್ನು ಮಂಡಿ ಮಡಿಸಿ ಅವುಗಳೊಳಗೆ ಕೂರಿಸುತ್ತಿದ್ದರಂತೆ, ಮನೆಮಂದಿಯನ್ನೆಲ್ಲ ಒಂದರಲ್ಲೇ. ನಮ್ಮ ಹಾಗೆ ಕೂರಿಸುವವರು ಬೇರೆ ಕಡೆಯೂ ಇದ್ದರು ಎಂಬುದನ್ನು ಕಣ್ಣಾರೆ ನೋಡಬೇಕಿತ್ತು, ಫೋಟೋ ತೆಗೆದು ಅಣ್ಣನ ಮುಖಕ್ಕೆ ಹಿಡಿಯಬೇಕಿತ್ತು. ಆ ಎತ್ತರದಲ್ಲಿ ಉಸಿರೇ ಸಿಗದೆ ಅಲ್ಲಲ್ಲಿ ಕೂತು ಹತ್ತಿದೆ. ಗೋಪುರಕ್ಕೆ ಪೂರ್ವ ದಿಕ್ಕಿನಲ್ಲಿ ನಾಯಿ ನುಸುಳುವಷ್ಟು ಬಾಗಿಲು. ಬಗ್ಗಿ ನೋಡಿದರೆ ಒಳಗೆ ಏನೂ ಇಲ್ಲ. ಕಳ್ಳರು ಎಂದೋ ದೋಚಿಕೊಂಡು ಹೋದರು ಎಂದ ಗೈಡ್, ಬಸ್ ಹೊರಟುಹೋಯಿತು ಅನ್ನುವವನ ಹಾಗೆ. ಅಷ್ಟು ದೂರ ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಆದರೂ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಬ್ರಿಸ್ಬೇನಿನಲ್ಲಿ ಆಗ ಬೆಳಗಾಗಿತ್ತು, ಆಗಷ್ಟೇ ಲಿಂಗಪೂಜೆ ಮುಗಿಸಿದ್ದಳು. ಗೋಪುರ ತೋರಿಸಿ, "ನೋಡಮ್ಮ, ಇವರೂ ಕೂರಿಸ್ತಿದ್ರು, ಮನೆಮಂದೀನೆಲ್ಲ ಒಂದರಲ್ಲೇ. ಬಂದ್ಮೇಲೆ ಇನ್ನೊಂದ್ಸಲ ಎಲ್ಲ ಕಡೆ ಕೇಳ್ತೀನಿ, ಬಿಡಲ್ಲ" ಅಂದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಮನೆಯವರೆಲ್ಲ ಒಂದೇ ಕಡೆನಾ?"

"ಹೂಂ ಅಮ್ಮ."

"ನೀನು ಎಷ್ಟೂಂತ ಒದ್ದಾಡ್ತೀಯ. ನನ್ನ ಮಲಗಿಸೇಬಿಡು, ಪರವಾಗಿಲ್ಲ. ಮಣ್ಣು ಹಾಕೋಕೆ ನೀವು ಮೂರೂ ಜನ ಬರ್ತೀರ ತಾನೆ?"

ಅಣ್ಣ ಬಂದೇ ಬರುತ್ತಾನೆ ಎಂದು ಹೇಳಬೇಕಿತ್ತು. ಸಿಗ್ನಲ್ ಸರಿಯಿಲ್ಲ ಎಂದು ಹೇಳಿ ಫೋನ್ ಇಟ್ಟೆ.