ನನ್ನ ಪೇಜಿನಲ್ಲಿ ನಾನೇ ನೋಡದ ಜಾಹೀರಾತು

ಫೋನಿನಲ್ಲಿ ಜಾಹೀರಾತು ತಡೆಯುವ ಆ ಬ್ಲಾಕರ್ ತೆಗೆದವನು ನಾನು, ಸುಜಾತಮ್ಮ. ನಿನ್ನ ಅತ್ತೆ ಅಲ್ಲ. ಅವರ ಬೆರಳು ತಪ್ಪಿ ಎಲ್ಲೋ ಬಿದ್ದದ್ದೂ ಅಲ್ಲ. ನನ್ನ ಈ ಕೈ, ಬೇಕೆಂದೇ, ನಗುನಗುತ್ತಾ ತೆಗೆಯಿತು. ಆಮೇಲೆ ಕೋಲಾರದ ಆಸ್ಪತ್ರೆಯಲ್ಲಿ ನಿನ್ನೆದುರಿಗೇ ನಿಂತು ಆ ತಪ್ಪನ್ನು ಅವರ ತಲೆಗೆ ಕಟ್ಟಿದವನೂ ನಾನೇ.

ಎರಡು ವರ್ಷದಿಂದ ಇದನ್ನು ಬಾಯೊಳಗೇ ಇಟ್ಟುಕೊಂಡು ಓಡಾಡಿದ್ದೇನೆ. ಜಾಹೀರಾತು ಕಂಪನಿಗಳನ್ನು ಬೈದೆ, ಸಕ್ಕರೆ ಕಾಯಿಲೆಗೆ ಅಂತ ಆ ಪುಡಿ ಮಾರಿದ ಕಳ್ಳರಿಗೆ ಹಿಡಿಶಾಪ ಹಾಕಿದೆ, ಸರ್ಕಾರವನ್ನೂ ಬಿಡಲಿಲ್ಲ. ಬೈಯುವುದಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬನನ್ನು ಮಾತ್ರ ಬೈದಿರಲಿಲ್ಲ.

ನನ್ನ ಪೇಜ್ ನಿನಗೆ ಗೊತ್ತೇ ಇದೆ. ಮಾವಿನ ಕಾಲದಲ್ಲಿ ದಿನಾ ಬೆಳಿಗ್ಗೆ ಶ್ರೀನಿವಾಸಪುರದ ಮಂಡಿಗಳನ್ನು ಸುತ್ತಿ, ತೋತಾಪುರಿ ಎಷ್ಟಕ್ಕೆ ಹೋಯಿತು, ಬಾದಾಮಿ ಎಷ್ಟಕ್ಕೆ ಹೋಯಿತು ಅಂತ ಹರಾಜಿನ ಕೂಗನ್ನು ನನ್ನ ಕಿವಿಯಲ್ಲೇ ಕೇಳಿ ಹಾಕುತ್ತಿದ್ದೆ. ಮಾವು ಮುಗಿದರೆ ಟೊಮೆಟೊ. ಗೌನಿಪಲ್ಲಿಯಿಂದ ಮುಳಬಾಗಿಲಿನವರೆಗೆ ತೋಟದವರು ಅದನ್ನು ನೋಡಿಯೇ ಕಾಯಿ ಕೀಳಿಸುತ್ತಿದ್ದರು. ಒಂದು ದಿನವೂ ಸುಳ್ಳು ಧಾರಣೆ ಹಾಕಿದವನಲ್ಲ ನಾನು. ದಲ್ಲಾಳಿಗಳು ಹೆದರಿಸಿದರೂ ಹಾಕಲಿಲ್ಲ. ಆ ಜಂಬ ನನಗಿತ್ತು. ಈಗಲೂ ಇದೆ — ಅದೇ ನಾಚಿಕೆಗೇಡು.

ಪೇಜ್ ನಡೆಯಬೇಕಲ್ಲ, ಜಾಹೀರಾತಿಗೆ ಜಾಗ ಬಿಟ್ಟೆ. ಬಿಟ್ಟೆ ಅಂದರೆ, ಮನೆಯ ಜಗಲಿಯನ್ನು ಗುರುತು ಪರಿಚಯವಿಲ್ಲದವನಿಗೆ ಬಾಡಿಗೆಗೆ ಕೊಟ್ಟು ಒಳಗೆ ಹೋಗಿ ಮಲಗಿದ ಹಾಗೆ. ಅಲ್ಲಿ ಏನು ಬರುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ, ಎಲ್ಲ ಜಾಹೀರಾತು ಕಂಪನಿಯವರ ಯಂತ್ರಕ್ಕೆ ಬಿಟ್ಟದ್ದು. ಯಾರಿಗೆ ಯಾವ ಕಾಯಿಲೆ ಇದೆ ಎಂದು ಆ ಯಂತ್ರಕ್ಕೆ ಗೊತ್ತಾಗುತ್ತದೆ ಸುಜಾತಮ್ಮ, ಪಕ್ಕದ ಮನೆಯವರಿಗೆ ಗೊತ್ತಾಗುವ ಮೊದಲೇ! ಜನ ಬ್ಲಾಕರ್ ಹಾಕಿಕೊಳ್ಳತೊಡಗಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಬ್ಲಾಕರ್ ತೆಗೆದವರಿಗೆ ಮಾತ್ರ ಧಾರಣೆ ಕಾಣುವ ಹಾಗೆ ಪೇಜಿಗೆ ಅಡ್ಡಗೋಡೆ ಕಟ್ಟಿಸಿದೆ. ಪುಕ್ಕಟೆ ಓದಿ ಜಾಹೀರಾತು ನೋಡದವರು, ಹೋಟೆಲಿನಲ್ಲಿ ತಿಂದು ಹಿಂದಿನ ಬಾಗಿಲಿಂದ ಓಡಿಹೋಗುವವರು ಇಬ್ಬರೂ ಒಂದೇ ಅಂತ ಮಂಡಿ ಎದುರಿನ ಸಾದಿಕ್ ಭಾಯಿ ಟೀ ಅಂಗಡಿಯಲ್ಲಿ ಕೂತು ಭಾಷಣ ಬಿಗಿಯುತ್ತಿದ್ದೆ.

ಇನ್ನೊಂದು ಮಾತು. ಇದನ್ನು ಯಾರಿಗೂ ಹೇಳಿಲ್ಲ — ಹಾಗೆ ಭಾಷಣ ಬಿಗಿಯುವಾಗ ನನ್ನ ಜೇಬಿನಲ್ಲಿದ್ದ ಫೋನಿನಲ್ಲಿ ಬ್ಲಾಕರ್ ಇತ್ತು. ಮೊದಲಿನಿಂದಲೂ ಇತ್ತು. ಪೇಜಿನ ಒಡೆಯನಿಗೆ ಅಡ್ಡಗೋಡೆ ಇಲ್ಲವಲ್ಲ, ನನಗೆ ಧಾರಣೆ ಮಾತ್ರ ಕಾಣುತ್ತಿತ್ತು, ಬೆಳ್ಳಗೆ, ಚೊಕ್ಕಟವಾಗಿ. ಊರವರಿಗೆ ಏನನ್ನು ತೋರಿಸುತ್ತಿದ್ದೆನೋ ಅದನ್ನು ನಾನು ಮೂರು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ನಿನ್ನ ಅತ್ತೆ ಆ ದಿನ ಕಾಯಿಯ ಲೋಡಿನ ಜೊತೆ ಗೌನಿಪಲ್ಲಿಯಿಂದ ಬಂದಿದ್ದರು. ಹಾಳುಮೂಳು ಜಾಹೀರಾತು ಬಂದು ಅತ್ತೆ ಗಾಬರಿಯಾಗುತ್ತಾರೆ ಅಂತ ನೀನು ಅವರ ಫೋನಿಗೆ ಬ್ಲಾಕರ್ ಹಾಕಿಕೊಟ್ಟಿದ್ದೆ. ಟೀ ಅಂಗಡಿಗೆ ಬಂದು ಫೋನನ್ನು ನನ್ನ ಕೈಗೆ ಕೊಟ್ಟು, "ನಾಯ್ನಾ, ನಿನ್ನ ಪೇಜ್ ನಂಗೆ ಬಾಗಿಲು ಹಾಕ್ಕೊಂಡೈತೆ ಕಣೋ" ಅಂದರು. ನಾನು ನಕ್ಕೆ. ನಿಮ್ಮ ಸೊಸೆ ಹಾಕಿರೋದು ಕಳ್ಳ ಸಾಮಾನು ಅಕ್ಕ, ಇದು ನನ್ನ ಹೊಟ್ಟೆ ಮೇಲೆ ಹೊಡೀತದೆ ಅಂದೆ. ಅಕ್ಕನ ಮುಖ ಸಣ್ಣಗಾಯಿತು. ಗೌನಿಪಲ್ಲಿ ಕಡೆ ಹೋದಾಗಲೆಲ್ಲ ಮುದ್ದೆ, ಬಸ್ಸಾರು ಬಡಿಸಿ, ಇನ್ನರ್ಧ ಮುದ್ದೆ ಹಾಕಿಸಿಕೊಳ್ಳೋ ಅಂತ ಗದರುತ್ತಿದ್ದ ಹೆಂಗಸು — ತನ್ನಿಂದ ನನಗೆ ನಷ್ಟವಾಯಿತೇನೋ ಎಂದು ನೊಂದುಕೊಂಡು ತೆಗೆದುಬಿಡಪ್ಪಾ ಅಂದರು. ತೆಗೆದೆ. ಬೇರೆಲ್ಲದಕ್ಕೂ ಹಾಗೇ ಬಿಟ್ಟು, ನನ್ನ ಪೇಜಿಗೆ ಮಾತ್ರ ತೆಗೆದೆ. ಉಂಡ ಮನೆಗೆ ಎರಡು ಬಗೆಯುವುದು ಅಂತಾರಲ್ಲ, ಅದು ಇಷ್ಟು ಸಲೀಸಾಗಿ ಆಗುತ್ತದೆ ಅಂತ ಗೊತ್ತಿರಲಿಲ್ಲ.

ತಿಂಗಳಾದ ಮೇಲೆ, ಮಂಡಿಯಲ್ಲಿ ಹರಾಜು ನಡೆಯುತ್ತಿದ್ದಾಗ, ಅವರ ಫೋನ್ ಬಂತು. ಸಕ್ಕರೆ ಕಾಯಿಲೆ ಇಪ್ಪತ್ತೊಂದು ದಿನದಲ್ಲಿ ಬುಡಸಮೇತ ಹೋಗುತ್ತದಂತೆ, ಮಾತ್ರೆ ಬಿಸಾಕಬೇಕಂತೆ, ಪುಡಿ ಮನೆಗೇ ಬರುತ್ತದಂತೆ.

"ನಿನ್ನ ಪೇಜಲ್ಲೇ ಬಂದೈತೆ ನಾಯ್ನಾ, ತರಿಸ್ಕೊಳ್ಲಾ? ನಿನ್ನ ಪೇಜಲ್ಲಿ ಸುಳ್ಳು ಬರಲ್ಲ ಅಲ್ವಾ?"

ಗಲಾಟೆಯಲ್ಲಿ ಕೇಳಿಸಲಿಲ್ಲ ಅಂತ ಹೇಳಬಹುದು. ಕೇಳಿಸಿತ್ತು. ಒಂದೊಂದು ಅಕ್ಷರವೂ ಕೇಳಿಸಿತ್ತು. ಅತ್ತ ಬಾದಾಮಿಯ ಕೂಗು ಏರುತ್ತಿತ್ತು, ಅದು ತಪ್ಪಿಹೋದೀತು ಅಂತ, "ಹೂಂ ಅಕ್ಕ, ತರಿಸ್ಕೊಳ್ಳಿ" ಅಂದು ಇಟ್ಟುಬಿಟ್ಟೆ. ಬಾದಾಮಿ ಧಾರಣೆ ಮಾತ್ರ ಅವತ್ತೂ ಸರಿಯಾಗಿಯೇ ಹಾಕಿದೆ.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಮಾತ್ರೆ ನಿಂತಿತು. ಕಾಲ್ಬೆರಳಿನ ಗಾಯ ಮಾಯಲಿಲ್ಲ. ಮೊದಲು ಬೆರಳು ಕತ್ತರಿಸಿದರು, ಆಮೇಲೆ ಪಾದ. ದಿನಾ ಬೆಳಿಗ್ಗೆ ಒಂದೊಂದು ಮರವನ್ನೂ ಮುಟ್ಟಿಕೊಂಡು ತೋಟ ಸುತ್ತಿ ಬರುತ್ತಿದ್ದವರ ಪಾದ.

ಆಸ್ಪತ್ರೆಯಲ್ಲಿ ನೀನು ಅಕ್ಕನ ಫೋನ್ ಹಿಡಿದು ಬೆಂಕಿಯಾಗಿದ್ದೆ. "ಇದನ್ನ ಯಾರು ತೆಗೆದ್ರು?" ಅಂತ ಕೇಳಿದೆ. ನಾನು ಅಲ್ಲೇ ಇದ್ದೆ, ಎಳನೀರು ಹಿಡಿದುಕೊಂಡು. ವಯಸ್ಸಾದೋರಲ್ವಾ ಸುಜಾತಮ್ಮ, ಏನೋ ಒತ್ತಿರ್ತಾರೆ ಅಂದೆ. ಥೂ ನನ್ನ ಬಾಯಿಗೆ! ಅಕ್ಕ ಹಾಸಿಗೆಯಿಂದ ನನ್ನನ್ನೇ ನೋಡಿದರು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನೆ ನೋಡಿ, ಗೋಡೆ ಕಡೆ ತಿರುಗಿಕೊಂಡರು. ನೀನು ಅವರಿಗೆ ಅಂದದ್ದು, ಅವರು ಒಂದೂ ಎದುರಾಡದೆ ಕೇಳಿಸಿಕೊಂಡದ್ದು, ಎಲ್ಲವನ್ನೂ ನಾನು ನಿಂತು ನೋಡಿದೆ. ಸೊಸೆ ಸರಿಯಾಗಿ ಮಾತ್ರೆ ಕೊಡಲಿಲ್ಲ ಅಂತ ನಿನ್ನ ಮೇಲೆ ನೆಂಟರು ಮಾತಾಡಿದಾಗಲೂ ತುಟಿ ಬಿಚ್ಚಲಿಲ್ಲ. ನೀನು ಅಕ್ಕನ ಫೋನ್ ಕಿತ್ತಿಟ್ಟು ಗುಂಡಿ ಒತ್ತುವ ಸಣ್ಣ ಫೋನ್ ಕೊಟ್ಟೆ. ನಾನು ಅದಕ್ಕೂ ತಲೆಯಾಡಿಸಿದೆ.

ವಾಪಸ್ ಬಂದು ಸಾದಿಕ್ ಭಾಯಿ ಫೋನಿನಲ್ಲಿ ನನ್ನ ಪೇಜ್ ತೆರೆದೆ, ಮೊದಲ ಸಲ. ಧಾರಣೆ ಎಲ್ಲಿದೆ ಅಂತ ಹುಡುಕಬೇಕಾಯಿತು. ಪರದೆ ತುಂಬ ಕೊಳೆತ ಕಾಲಿನ ಚಿತ್ರ. ಮುಚ್ಚುವ ಗುರುತು ಸಾಸಿವೆಯಷ್ಟು. ಅದನ್ನು ಒತ್ತಿದರೆ ಪುಡಿ ಮಾರುವ ಪುಟವೇ ತೆರೆಯಿತು. ಮತ್ತೆ ಒತ್ತಿದೆ, ಮತ್ತೆ ಅದೇ. ನನ್ನ ಹೆಸರಿನ ಕೆಳಗೆ! ಇದನ್ನು ತಡೆಯುವುದಕ್ಕೆ ನೀನು ಹಾಕಿದ್ದನ್ನು ನಾನು ಕಳ್ಳತನ ಅಂದಿದ್ದೆ.

ಅವತ್ತೇ ಎಲ್ಲ ಜಾಹೀರಾತನ್ನೂ ಆ ಅಡ್ಡಗೋಡೆಯನ್ನೂ ಕಿತ್ತುಹಾಕಿದೆ. ಕಿತ್ತುಹಾಕಿದ್ದು ದೊಡ್ಡ ವಿಷಯವಲ್ಲ. ಬಾಯಿ ತೆರೆಯಲಿಲ್ಲವಲ್ಲ.

ಹೋದ ವಾರ ನೀನು ಮನೆಯಲ್ಲಿಲ್ಲದಾಗ ಬಂದಿದ್ದೆ. ಅಕ್ಕ ಜಗಲಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಊರುಗೋಲು. ಇವತ್ತು ತೋತಾಪುರಿ ಎಷ್ಟಕ್ಕೆ ಹೋಯ್ತೋ ಅಂತ ಕೇಳಿದರು. ಹೇಳಿದೆ. ಆಮೇಲೆ ತಡೆಯಲಾರದೆ, ಸುಜಾತಮ್ಮನಿಗೆ ಯಾಕೆ ಹೇಳಲಿಲ್ಲ ಅಕ್ಕ ಅಂತ ಕೇಳಿದೆ. ಯಾವುದನ್ನು ಅಂತ ಅವರು ಕೇಳಲಿಲ್ಲ.

"ಹೇಳಿದ್ರೆ ನಿನ್ನ ಪೇಜ್ ಯಾರು ನೋಡ್ತಾರೆ ನಾಯ್ನಾ?" ಅಂದರು.

ನಾಳೆ ಬೆಳಿಗ್ಗೆ ಈ ಬರಹ ನನ್ನ ಪೇಜಿನಲ್ಲಿ ಎಲ್ಲಕ್ಕಿಂತ ಮೇಲೆ, ಆ ಪುಡಿಯ ಜಾಹೀರಾತು ಇದ್ದ ಜಾಗದಲ್ಲೇ ಇರುತ್ತದೆ. ಧಾರಣೆ ಅದರ ಕೆಳಗೆ. ನೋಡುವವರು ನೋಡಲಿ, ಬಿಡುವವರು ಬಿಡಲಿ. ಅದಕ್ಕೂ ಮೊದಲು, ಇವತ್ತು ಸಂಜೆಯೇ ಬಂದು ಅಕ್ಕನ ಎದುರಿಗೆ ನಿನಗೆ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ.

ಒಂದೇ ಒಂದು ಕೇಳುತ್ತೇನೆ. ಅಕ್ಕನ ಫೋನ್ ಅಕ್ಕನಿಗೆ ಕೊಡು. ಬ್ಲಾಕರ್ ಹಾಕಿಯೇ ಕೊಡು — ನನ್ನ ಪೇಜಿಗೂ ಸೇರಿಸಿ.